ಎಣ್ಣೆ ಚರ್ಮಕ್ಕೊಂದು ಫೇಸ್ ವಾಶ್: ಬಾಟಲಿಯ ಹಿಂಬದಿ ಓದುವ ಬಗೆ

ಎಲ್ಲರಿಗೂ ನಮಸ್ಕಾರ.

ಮುಖದಲ್ಲಿ ಜಿಡ್ಡು, ಅದರ ಮೇಲೆ ಮೊಡವೆಯ ಕಾಟ. ಇವೆರಡೂ ಇರುವವರು ಫೇಸ್ ವಾಶ್ ಕೊಳ್ಳುವಾಗ ಹೆಚ್ಚಾಗಿ ನೋಡುವುದು ನೊರೆ ಎಷ್ಟು ಬರುತ್ತದೆ, ತೊಳೆದ ಮೇಲೆ ಚರ್ಮ ಎಷ್ಟು ಬಿಗಿಯಾಗುತ್ತದೆ ಎಂಬುದನ್ನು. ಬೆರಳಿನಿಂದ ಉಜ್ಜಿದರೆ ಕಿರ್ರೆನ್ನಬೇಕು, ಆಗಲೇ ಮುಖ ಸ್ವಚ್ಛವಾಯಿತೆಂಬ ಸಮಾಧಾನ. ಇವತ್ತಿನ ಮಾತಿನ ತಿರುಳು ಇಷ್ಟೇ: ಆ ಬಿಗಿತವೇ ಫೇಸ್ ವಾಶ್ ನಿಮಗೆ ಒಗ್ಗಿಲ್ಲ ಎಂಬುದರ ಮೊದಲ ಸೂಚನೆ. ಅದರಲ್ಲಿ ಮೊಡವೆಗೆ ಯಾವ ಮದ್ದಿದೆ ಎಂದು ಹುಡುಕುವ ಮೊದಲು, ತೊಳೆಯುವ ಪದಾರ್ಥ ಯಾವುದೆಂದು ನೋಡಬೇಕು.

ಫೇಸ್ ವಾಶ್‌ನಿಂದ ಏನನ್ನು ನಿರೀಕ್ಷಿಸಬಾರದು ಎಂಬುದರಿಂದಲೇ ಶುರುಮಾಡೋಣ. ಜಿಡ್ಡು ಹುಟ್ಟುವುದು ಚರ್ಮದ ಒಳಪದರದ ತೈಲಗ್ರಂಥಿಗಳಲ್ಲಿ. ಹಣೆ, ಮೂಗು, ಗದ್ದದ ಮೇಲೆ ಇವು ಒತ್ತೊತ್ತಾಗಿವೆ. ಎಷ್ಟು ಜಿಡ್ಡು ಸುರಿಸಬೇಕೆಂಬುದನ್ನು ಮುಖ್ಯವಾಗಿ ಆ್ಯಂಡ್ರೊಜೆನ್ ಗುಂಪಿನ ಹಾರ್ಮೋನುಗಳು ನಿರ್ಧರಿಸುತ್ತವೆ. ಮೇಲ್ಮೈಯಲ್ಲಿ ಒಂದು ನಿಮಿಷ ಇದ್ದು ನೀರಿನ ಜೊತೆ ಹೋಗಿಬಿಡುವ ದ್ರವಕ್ಕೆ ಅಲ್ಲಿಯವರೆಗೆ ಕೈ ಚಾಚಲು ಆಗುವುದಿಲ್ಲ. ಅದು ತೆಗೆಯುವುದು ಆಗಲೇ ಹೊರಬಂದಿರುವ ಜಿಡ್ಡು, ಬೆವರು, ಧೂಳು, ಸತ್ತ ಕೋಶಗಳು ಮತ್ತು ಹಚ್ಚಿಕೊಂಡ ಸನ್‌ಸ್ಕ್ರೀನನ್ನು ಮಾತ್ರ. ತೊಳೆದ ಕೆಲವು ಗಂಟೆಗಳಲ್ಲಿ ಹಣೆ ಮತ್ತೆ ಮಿಂಚತೊಡಗಿದರೆ ಅದು ಗ್ರಂಥಿಯ ದಿನನಿತ್ಯದ ಕೆಲಸ. ಫೇಸ್ ವಾಶ್ ಸೋತಿತೆಂದು ಇನ್ನೂ ಖಾರವಾದದ್ದನ್ನು ತರುವುದರಲ್ಲಿ ಅರ್ಥವಿಲ್ಲ. ಇದರ ಎದುರು ಬದಿಗೆ ಇನ್ನೊಂದು ನಂಬಿಕೆ ಇದೆ, ಹೆಚ್ಚು ತೊಳೆದರೆ ಗ್ರಂಥಿಗಳು ಸಿಟ್ಟಿಗೆದ್ದು ಹೆಚ್ಚು ಎಣ್ಣೆ ಸುರಿಸುತ್ತವೆ ಎಂದು. ಅದಕ್ಕೂ ಗಟ್ಟಿ ಆಧಾರವಿಲ್ಲ. ಹೆಚ್ಚು ತೊಳೆಯುವುದು ಕೆಟ್ಟದ್ದೇ, ಆದರೆ ಕಾರಣ ಬೇರೆ. ಅದಕ್ಕೆ ಈಗ ಬರುತ್ತೇವೆ.

ಮೊಡವೆಯ ಮೂಲದಲ್ಲಿ ನಾಲ್ಕು ಸಂಗತಿಗಳು ಒಟ್ಟಿಗೆ ಕೆಲಸ ಮಾಡುತ್ತವೆ: ಹೆಚ್ಚಿದ ಜಿಡ್ಡು, ರೋಮಕೂಪದ ಬಾಯಲ್ಲಿ ಉದುರದೆ ಅಂಟಿಕೊಂಡ ಸತ್ತ ಕೋಶಗಳು, ಅಲ್ಲಿ ಬೆಳೆಯುವ ಕ್ಯುಟಿಬ್ಯಾಕ್ಟೀರಿಯಂ ಆ್ಯಕ್ನೆಸ್ ಎಂಬ ಬ್ಯಾಕ್ಟೀರಿಯಾ, ಮತ್ತು ಉರಿಯೂತ. ಕೊಳೆ ಈ ಪಟ್ಟಿಯಲ್ಲಿಲ್ಲ. ಬ್ಲ್ಯಾಕ್‌ಹೆಡ್‌ನ ಕಪ್ಪು ಕೂಡ ಕೊಳೆಯದ್ದಲ್ಲ. ಗಾಳಿಗೆ ತೆರೆದುಕೊಂಡ ಜಿಡ್ಡು ಮತ್ತು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಸೇರಿ ಬಂದ ಬಣ್ಣ. ಹಾಗಾಗಿ ಅದನ್ನು ತಿಕ್ಕಿ ತಿಕ್ಕಿ ಬಿಳಿ ಮಾಡಲು ಆಗದು.

ಈಗ ಬಾಟಲಿಯ ಹಿಂಬದಿಗೆ ಬರೋಣ. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ಪ್ರಮಾಣದ್ದು ಮೊದಲು, ಕಡಿಮೆಯದ್ದು ಕೊನೆಗೆ. ಶೇ 1ಕ್ಕಿಂತ ಕಡಿಮೆ ಇರುವವನ್ನು ಯಾವ ಕ್ರಮದಲ್ಲಾದರೂ ಬರೆಯಬಹುದು, ಹಾಗಾಗಿ ಕೆಳಗಿನ ಸಾಲುಗಳಲ್ಲಿರುವ ಹೂವು, ಬೇರು, ಎಲೆಗಳ ಸಾರ ಸಾಮಾನ್ಯವಾಗಿ ಹೆಸರಿಗಷ್ಟೇ ಇರುತ್ತದೆ. ಮೊದಲ ಐದಾರು ಹೆಸರು ಓದಿದರೆ ಮುಕ್ಕಾಲು ಪಾಲು ತಿಳಿದಂತೆ. ಮೊದಲನೆಯದು ಸಾಮಾನ್ಯವಾಗಿ ನೀರು. ಅದರ ಹಿಂದೆಯೇ ಬರುವುದು ಸರ್ಫ್ಯಾಕ್ಟೆಂಟ್, ಅಂದರೆ ಜಿಡ್ಡನ್ನು ಹಿಡಿದು ನೀರಿನೊಡನೆ ಹೊರಡಿಸುವ ಪದಾರ್ಥ. ಇದರ ಅಣುವಿನ ಒಂದು ತುದಿ ಎಣ್ಣೆಗೆ ಒಲಿಯುತ್ತದೆ, ಇನ್ನೊಂದು ನೀರಿಗೆ. ತೊಂದರೆ ಏನೆಂದರೆ, ಗ್ರಂಥಿಯಿಂದ ಬಂದ ಬೇಡದ ಜಿಡ್ಡಿಗೂ ಚರ್ಮದ ಹೊರಪದರದ ಕೋಶಗಳ ನಡುವೆ ಇರಲೇಬೇಕಾದ ಕೊಬ್ಬಿಗೂ ಅದು ಭೇದ ಮಾಡದು. ಖಾರವಾದ ಸರ್ಫ್ಯಾಕ್ಟೆಂಟ್ ಎರಡನ್ನೂ ಕಿತ್ತೊಯ್ಯುತ್ತದೆ, ಪ್ರೊಟೀನಿಗೂ ಅಂಟಿಕೊಳ್ಳುತ್ತದೆ. ಆಗ ಚರ್ಮದಿಂದ ನೀರು ಆವಿಯಾಗಿ ಹೋಗುವುದು ಹೆಚ್ಚುತ್ತದೆ, ಬಿಗಿತ, ಕೆಂಪು, ಉರಿ ಶುರುವಾಗುತ್ತದೆ. ಮೊಡವೆ ಎಂದರೇ ಉರಿಯೂತ. ಅದರ ಮೇಲೆ ಇನ್ನಷ್ಟು ಉರಿ ಸೇರಿಸಿದಂತಾಗುತ್ತದೆ. ಕಪ್ಪು, ಕಂದು ಮೈಬಣ್ಣದವರಲ್ಲಂತೂ ಇಂಥ ಉರಿ ತಿಂಗಳುಗಟ್ಟಲೆ ಉಳಿಯುವ ಕಲೆಯನ್ನು ಬಿಟ್ಟುಹೋಗುತ್ತದೆ. ಹೆಚ್ಚು ತೊಳೆಯಬಾರದು ಎನ್ನುವುದು ಇದಕ್ಕೆ.

ಯಾವುದು ಖಾರ, ಯಾವುದು ಸೌಮ್ಯ? ಅತಿ ಖಾರದ್ದು ಸೋಡಿಯಂ ಲಾರಿಲ್ ಸಲ್ಫೇಟ್. ಚರ್ಮದ ಪರೀಕ್ಷೆಗಳಲ್ಲಿ ಬೇಕೆಂದೇ ಉರಿ ಹುಟ್ಟಿಸಲು ಬಳಸುವ ಪದಾರ್ಥವೇ ಇದು, ಹಾಗಾಗಿ ಮೊಡವೆ ಮುಖಕ್ಕೆ ಬೇಡ. ಹೆಸರು ಹತ್ತಿರವಿದ್ದರೂ ಸೋಡಿಯಂ ಲಾರೆತ್ ಸಲ್ಫೇಟ್ ಸ್ವಲ್ಪ ಮೆದು. ಕೊಕಮಿಡೊಪ್ರೊಪಿಲ್ ಬೀಟೇನ್ ಜೊತೆಗಿದ್ದರೆ ಇನ್ನೂ ಮೆದು, ಹೆಚ್ಚು ಜಿಡ್ಡಿನ ಚರ್ಮ ಇದನ್ನು ತಾಳಿಕೊಳ್ಳಬಹುದು. ಸೋಡಿಯಂ ಕೊಕಾಯ್ಲ್ ಐಸೆಥಿಯೊನೇಟ್, ಡೆಸಿಲ್ ಗ್ಲುಕೊಸೈಡ್, ಕೊಕೊ ಗ್ಲುಕೊಸೈಡ್ ಸೌಮ್ಯ ಗುಂಪಿನವು. ಜೊತೆಗೆ ಗ್ಲಿಸರಿನ್ ಮೇಲಿನ ಸಾಲುಗಳಲ್ಲೇ ಇದ್ದರೆ ಒಳ್ಳೆಯ ಲಕ್ಷಣ. ‘ಸಲ್ಫೇಟ್ ಮುಕ್ತ’ ಎಂದು ದೊಡ್ಡದಾಗಿ ಬರೆದದ್ದೆಲ್ಲ ಸೌಮ್ಯವೆಂದು ತಿಳಿಯಬೇಡಿ. ಸಲ್ಫೇಟ್ ಜಾಗದಲ್ಲಿ ಸೋಡಿಯಂ ಸಿ14-16 ಓಲೆಫಿನ್ ಸಲ್ಫೊನೇಟ್ ಕೂತಿರುತ್ತದೆ, ಮೊಡವೆಗೆಂದೇ ಮಾರುವ ಫೇಸ್ ವಾಶ್‌ಗಳಲ್ಲಿ ಇದು ಸಾಮಾನ್ಯ, ಮತ್ತು ಇದೂ ಚರ್ಮವನ್ನು ಚೆನ್ನಾಗಿಯೇ ಒಣಗಿಸಬಲ್ಲದು.

ಇನ್ನೊಂದು ಮೋಸ ಕೆನೆಯಂಥ ದಪ್ಪ ನೊರೆಯ ಟ್ಯೂಬುಗಳಲ್ಲಿ. ಪಟ್ಟಿಯಲ್ಲಿ ಸ್ಟಿಯರಿಕ್, ಮಿರಿಸ್ಟಿಕ್, ಲಾರಿಕ್ ಆ್ಯಸಿಡ್‌ಗಳೂ, ಅವುಗಳ ಜೊತೆ ಪೊಟ್ಯಾಸಿಯಂ ಹೈಡ್ರಾಕ್ಸೈಡೂ ಮುಂದಿನ ಸಾಲಿನಲ್ಲಿ ಕಂಡರೆ, ಕೊಬ್ಬಿನಾಮ್ಲವೂ ಕ್ಷಾರವೂ ಸೇರಿ ಒಳಗೆ ಸೋಪೇ ಆಗಿದೆ ಎಂದು ಅರ್ಥ. ಹೆಸರು ಫೇಸ್ ವಾಶ್, ಗುಣ ಸೋಪಿನದು. ಪಿಎಚ್ ಎಂದರೆ ಆಮ್ಲ, ಕ್ಷಾರದ ಅಳತೆ; 7ಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ಸೋಪಿನ ಪಿಎಚ್ ಸಾಮಾನ್ಯವಾಗಿ 9ರಿಂದ 10. ಮುಖದ ಚರ್ಮದ್ದು 4.5ರಿಂದ 5.5ರ ಆಸುಪಾಸು. ತೊಳೆದ ಪ್ರತಿ ಸಲವೂ ಚರ್ಮ ತನ್ನ ಆಮ್ಲೀಯತೆಗೆ ಮರಳಲು ಹೊತ್ತು ಬೇಕು, ಅಷ್ಟರಲ್ಲಿ ಹೊರಪದರ ಉಬ್ಬಿ ಸಡಿಲವಾಗಿರುತ್ತದೆ. ಗಡಸು ನೀರಾದರೆ ಇನ್ನೂ ಒಂದು ಕಷ್ಟ: ಸೋಪು ಅದರ ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಗಸಿಯಾಗಿ ಮುಖದ ಮೇಲೇ ಕೂರುತ್ತದೆ. ಪಿಎಚ್ ಅಳೆಯುವ ಕಾಗದದ ಪಟ್ಟಿ ಸಿಕ್ಕರೆ, ಒಂದು ಪಾಲು ಫೇಸ್ ವಾಶ್‌ಗೆ ಒಂಬತ್ತು ಪಾಲು ಶುದ್ಧೀಕರಿಸಿದ ನೀರು ಬೆರೆಸಿ ಅದ್ದಿ ನೋಡಿ. 7 ದಾಟಿದ್ದು ಬೇಡ. 5ರಿಂದ 6ರ ನಡುವಿನದು ನಿಶ್ಚಿಂತೆ.

ಬಾಟಲಿಯ ಮುಂಬದಿಯ ಮಾತುಗಳನ್ನು ಬೇಗ ಮುಗಿಸೋಣ. ‘ನಾನ್-ಕಾಮಿಡೊಜೆನಿಕ್’, ಅಂದರೆ ರಂಧ್ರ ಕಟ್ಟಿಸದ್ದು ಎಂಬ ಮಾತಿಗೆ ಎಲ್ಲರೂ ಒಪ್ಪಿದ ಒಂದೇ ಅಳತೆಗೋಲು ಇಲ್ಲ. ಇದ್ದರೆ ಒಳ್ಳೆಯದು, ಅದೊಂದನ್ನೇ ನೆಚ್ಚಬೇಡಿ. ‘ಚರ್ಮವೈದ್ಯರು ಪರೀಕ್ಷಿಸಿದ್ದು’ ಎಂದರೆ ಪರೀಕ್ಷಿಸಿದರು ಅಷ್ಟೇ, ಫಲ ಏನೆಂದು ಅದು ಹೇಳದು. ಮೆಂಥಾಲ್‌ನ ತಂಪು ನರಗಳಿಗೆ ಆಗುವ ಅನುಭವ, ಅದಕ್ಕೂ ಶುಚಿಗೂ ಸಂಬಂಧವಿಲ್ಲ. ಸುಗಂಧ ಇಲ್ಲದ್ದನ್ನೇ ಕೊಳ್ಳಿ.

ತಳಹದಿ, ಅಂದರೆ ತೊಳೆಯುವ ಪದಾರ್ಥ, ಸರಿಯಿದೆ ಎಂದಾದ ಮೇಲೆ ಮದ್ದಿನ ಮಾತು. ಫೇಸ್ ವಾಶ್‌ನಲ್ಲಿ ನಿಜಕ್ಕೂ ಲೆಕ್ಕಕ್ಕೆ ಬರುವವು ಎರಡು.

ಒಂದು ಸ್ಯಾಲಿಸಿಲಿಕ್ ಆ್ಯಸಿಡ್, ಶೇ 0.5ರಿಂದ 2. ಎಣ್ಣೆಯಲ್ಲಿ ಕರಗುವ ಗುಣದಿಂದಾಗಿ ಜಿಡ್ಡು ತುಂಬಿದ ರೋಮಕೂಪದೊಳಕ್ಕೆ ಇಳಿದು, ಅಂಟಿಕೊಂಡ ಕೋಶಗಳನ್ನು ಸಡಿಲಿಸುತ್ತದೆ. ಬ್ಲ್ಯಾಕ್‌ಹೆಡ್, ವೈಟ್‌ಹೆಡ್ ಹೆಚ್ಚಿರುವವರಿಗೆ ಇದು ಸರಿ. ಆದರೆ ಇದು ಕೆಲಸ ಮಾಡುವುದು ಆಮ್ಲದ ರೂಪದಲ್ಲಿದ್ದಾಗ, ಪಿಎಚ್ 3ರಿಂದ 4ರ ಸುತ್ತ ಚೆನ್ನಾಗಿ. ಪಿಎಚ್ 9ರ ಸೋಪಿನೊಳಗೆ ಅದು ಹೆಚ್ಚುಕಡಿಮೆ ಪೂರ್ತಿ ಲವಣವಾಗಿಬಿಡುತ್ತದೆ, ರಂಧ್ರದೊಳಕ್ಕೆ ಇಳಿಯುವ ಶಕ್ತಿಯೇ ಹೋಗುತ್ತದೆ. ಸ್ಯಾಲಿಸಿಲಿಕ್ ಸೋಪಿಗೆ ಹಣ ಸುರಿಯುವ ಮೊದಲು ಇದು ನೆನಪಿರಲಿ. ಆಸ್ಪಿರಿನ್ ಒಗ್ಗದವರು ಇದರಿಂದ ದೂರವಿದ್ದು ವೈದ್ಯರನ್ನು ಕೇಳಿ.

ಎರಡನೆಯದು ಬೆಂಜಾಯಿಲ್ ಪೆರಾಕ್ಸೈಡ್. ಕೆಂಪಗೆ ಊದಿದ, ಕೀವು ತುಂಬಿದ ಮೊಡವೆಗೆ. ಇದು ಆಕ್ಸಿಜನ್ ಬಿಡುಗಡೆ ಮಾಡಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಆ್ಯಂಟಿಬಯೊಟಿಕ್‌ಗೆ ಒಗ್ಗಿಕೊಂಡಂತೆ ಬ್ಯಾಕ್ಟೀರಿಯಾ ಇದಕ್ಕೆ ಒಗ್ಗಿಕೊಳ್ಳುವುದಿಲ್ಲ. ಶೇ 2.5, 5, 10ರಲ್ಲಿ ಸಿಗುತ್ತದೆ. ಹೆಚ್ಚು ಸಂಖ್ಯೆ ಎಂದರೆ ಹೆಚ್ಚು ಗುಣ ಎಂದೇನಿಲ್ಲ: ಹಚ್ಚಿ ಬಿಡುವ ಜೆಲ್‌ಗಳಲ್ಲಿ ಶೇ 2.5ಕ್ಕೂ 10ಕ್ಕೂ ಪರಿಣಾಮದಲ್ಲಿ ದೊಡ್ಡ ಅಂತರ ಕಾಣದು, ಉರಿಯಲ್ಲಿ ಕಾಣುತ್ತದೆ. ಮುಖಕ್ಕೆ ಶೇ 2.5ರಿಂದ 5 ಸಾಕು. ಹಚ್ಚಿ ತಕ್ಷಣ ತೊಳೆದರೆ ಹೆಚ್ಚೇನೂ ಆಗದು, 2 ನಿಮಿಷವಾದರೂ ಬಿಡಬೇಕು. ಚರ್ಮ ತಾಳಿದರೆ 5 ನಿಮಿಷದವರೆಗೂ ಬಿಡಬಹುದು. ಇದು ಬಟ್ಟೆಯ ಬಣ್ಣ ತಿನ್ನುತ್ತದೆ, ಟವೆಲ್, ದಿಂಬಿನ ಹೊದಿಕೆ ಬಿಳಿ ಬಣ್ಣದ್ದೇ ಇರಲಿ; ಹುಬ್ಬು, ಕೂದಲಿಗೂ ತಾಗದಿರಲಿ. ಬಿಸಿಯಲ್ಲಿ ಇಟ್ಟರೆ ಒಡೆದು ಬೆಂಜೀನ್ ಹುಟ್ಟಬಹುದು, ಆದ್ದರಿಂದ ಬಿಸಿಲಿನಲ್ಲಿ ನಿಂತ ಕಾರಿನಲ್ಲಾಗಲಿ, ಹಬೆ ತುಂಬುವ ಬಚ್ಚಲಿನಲ್ಲಾಗಲಿ ಬಿಡದೆ ತಂಪಾದ ಜಾಗದಲ್ಲಿಡಿ, ಅವಧಿ ಮುಗಿದದ್ದನ್ನು ಎಸೆಯಿರಿ.

ಎರಡನ್ನೂ ಒಂದೇ ದಿನ ಶುರುಮಾಡಬೇಡಿ. ಮೊದಲ ವಾರ ದಿನ ಬಿಟ್ಟು ದಿನ ರಾತ್ರಿ ಮಾತ್ರ ಮದ್ದಿನ ಫೇಸ್ ವಾಶ್, ಬೆಳಿಗ್ಗೆ ಮದ್ದಿಲ್ಲದ ಸೌಮ್ಯವಾದದ್ದು. ಸಿಪ್ಪೆ ಏಳದಿದ್ದರೆ ಎರಡನೇ ವಾರದಿಂದ ಪ್ರತಿ ರಾತ್ರಿ. ಮೊಡವೆಗೆಂದು ಅಡಾಪಲೀನ್, ಟ್ರೆಟಿನಾಯಿನ್ ಹಚ್ಚುತ್ತಿರುವವರಿಗೆ, ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿರುವವರಿಗೆ ಫೇಸ್ ವಾಶ್‌ನಲ್ಲಿ ಮದ್ದೇ ಬೇಡ. ಆಗ ಮದ್ದಿನ ಕೆಲಸ ಬೇರೆ ಕಡೆ ನಡೆಯುತ್ತಿರುತ್ತದೆ, ತೊಳೆಯುವುದು ತೊಳೆದರೆ ಸಾಕು.

ತೊಳೆಯುವ ಕ್ರಮ. ದಿನಕ್ಕೆ ಎರಡು ಸಲ, ಜೊತೆಗೆ ಬೆವರು ಸುರಿಸಿದ ನಂತರ. ಮೊದಲು ಕೈ ತೊಳೆಯಿರಿ. ತಲೆಸ್ನಾನವಿದ್ದರೆ ಮುಖ ಕೊನೆಗೆ, ಕಂಡಿಷನರ್‌ನ ಜಿಡ್ಡು ಹಣೆಯ ಮೇಲೆ ಉಳಿಯಬಾರದು. ನೀರು ಉಗುರುಬೆಚ್ಚಗಿರಲಿ. ಒದ್ದೆ ಮುಖಕ್ಕೆ ಸುಮಾರು 1 ಮಿಲಿಲೀಟರ್, ಪಂಪ್ ಇದ್ದರೆ ಒಂದು ಒತ್ತು. ಈ ಲೆಕ್ಕದಲ್ಲಿ 100 ಮಿಲಿಲೀಟರ್ ಬಾಟಲಿ ಸುಮಾರು 50 ದಿನ ಬರಬೇಕು; ಮೂರು ವಾರಕ್ಕೇ ಮುಗಿದರೆ ಕೈ ಧಾರಾಳವಾಯಿತು. ಅಂಗೈಯಲ್ಲಿ ನೊರೆ ಮಾಡಿಕೊಂಡು ಬೆರಳ ತುದಿಯಿಂದ ಹಣೆ, ಮೂಗಿನ ಬದಿ, ಗದ್ದ, ಕೊನೆಗೆ ಕೆನ್ನೆ, ಒಟ್ಟು 30ರಿಂದ 60 ಸೆಕೆಂಡ್; ಬೆಂಜಾಯಿಲ್ ಪೆರಾಕ್ಸೈಡ್ ಇದ್ದರೆ ಮಾತ್ರ ಮೇಲೆ ಹೇಳಿದಷ್ಟು ಹೊತ್ತು ಬಿಡಿ. ಬ್ರಷ್, ಕಾಳುಕಾಳಾದ ಸ್ಕ್ರಬ್, ಒರಟು ಬಟ್ಟೆ ಬೇಡ; ಊದಿದ ಮೊಡವೆ ಒಳಗೇ ಒಡೆದರೆ ಉರಿಯೂತ ಸುತ್ತಲೂ ಹರಡುತ್ತದೆ. ಜನ ತಪ್ಪುವುದು ಹೆಚ್ಚಾಗಿ ಕೊನೆಯ ಹಂತದಲ್ಲಿ: ಕೂದಲ ಅಂಚು, ಕಿವಿಯ ಮುಂಭಾಗ, ದವಡೆಯ ಕೆಳಗೆ ನೊರೆ ಉಳಿದುಬಿಡುತ್ತದೆ, ಅಲ್ಲೇ ಗುಳ್ಳೆ ಏಳುತ್ತದೆ. ಟವೆಲ್ ಒತ್ತಿ ಒರೆಸಿ, ಎಣ್ಣೆಯಿಲ್ಲದ ಹಗುರ ಮಾಯಿಶ್ಚರೈಸರ್ ಹಚ್ಚಿ. ಜಿಡ್ಡಿನ ಮುಖಕ್ಕೂ ಇದು ಬೇಕು, ಏಕೆಂದರೆ ಜಿಡ್ಡು ಬೇರೆ, ನೀರಿನಂಶ ಬೇರೆ. ನೀರಿಗೆ ಜಗ್ಗದ ಸನ್‌ಸ್ಕ್ರೀನ್ ಹಚ್ಚಿದ ದಿನ ರಾತ್ರಿ ಮೊದಲು ಮೈಸೆಲ್ಲರ್ ನೀರಿನಿಂದ (ಮೇಕಪ್ ಒರೆಸಲು ಬಳಸುವ ದ್ರವ) ಒರೆಸಿ, ಆಮೇಲೆ ತೊಳೆಯಿರಿ. ಅದೇ ಕೆಲಸವನ್ನು ಖಾರವಾದ ಫೇಸ್ ವಾಶ್‌ಗೆ ಒಪ್ಪಿಸುವುದಕ್ಕಿಂತ ಇದು ಮೇಲು.

ಹೊಸದನ್ನು ಮೊದಲು ದವಡೆಯ ಒಂದು ಬದಿಗೆ ಮಾತ್ರ ಮೂರು ದಿನ ಬಳಸಿ. ತುರಿಕೆ, ಕೆಂಪು ಇಲ್ಲದಿದ್ದರೆ ಒಂದು ಸಂಜೆ ಪೂರ್ತಿ ಮುಖ ತೊಳೆದು, ಏನನ್ನೂ ಹಚ್ಚದೆ ಅರ್ಧ ಗಂಟೆ ಸುಮ್ಮನಿರಿ. ಚರ್ಮ ಎಳೆದಂತಾದರೆ ತಳಹದಿ ಖಾರ, ಮದ್ದು ಎಷ್ಟೇ ಒಳ್ಳೆಯದಿರಲಿ ಬದಲಿಸಿ. ತೊಳೆದ ಕೂಡಲೇ ಜಾರುಜಾರು ಎನಿಸಿದರೆ ಅದು ಏನನ್ನೂ ತೆಗೆದಿಲ್ಲ, ಇಲ್ಲವೇ ತಾನೇ ಉಳಿದಿದೆ. ಮುಖದ ಬಗ್ಗೆ ಯೋಚನೆಯೇ ಬರದಿದ್ದರೆ ಅದನ್ನೇ ಮುಂದುವರಿಸಿ. ಮೊಡವೆಯ ಲೆಕ್ಕ ಹಾಕಲು ಮಾತ್ರ 6ರಿಂದ 8 ವಾರ ಬೇಕು, ಅಷ್ಟು ದಿನ ಬೇರೆ ಏನನ್ನೂ ಬದಲಿಸಬೇಡಿ. ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವ ದಾರಿ ಇರುವುದಿಲ್ಲ.

ಇನ್ನು, ಮೊಡವೆಯಂತೆ ಕಂಡು ಮೊಡವೆಯಲ್ಲದ್ದೂ ಇದೆ. ಹಣೆ, ಎದೆ, ಬೆನ್ನಿನ ಮೇಲೆ ಒಂದೇ ಅಳತೆಯ ಸಣ್ಣ ಗುಳ್ಳೆಗಳು, ನವೆ ಜೋರು, ಬ್ಲ್ಯಾಕ್‌ಹೆಡ್ ಒಂದೂ ಇಲ್ಲ ಎಂದರೆ ಅದು ಮಲಸೇಜಿಯ ಎಂಬ ಶಿಲೀಂಧ್ರದ ಕೆಲಸವಿರಬಹುದು. ಮೊಡವೆಯ ಫೇಸ್ ವಾಶ್‌ಗಳಿಗೆ ಅದು ಬಗ್ಗದು, ಶಿಲೀಂಧ್ರನಾಶಕವೇ ಬೇಕು.

ನೋಯುವ ಗಡ್ಡೆಯಂಥ ಮೊಡವೆ, ಗುಳಿ ಬೀಳುತ್ತಿರುವ ಕಲೆ, ಮುಟ್ಟಿನ ಏರುಪೇರು ಅಥವಾ ಮುಖದ ಮೇಲೆ ಹೊಸ ಕೂದಲಿನ ಜೊತೆ ಬಂದ ಮೊಡವೆ, ಇವುಗಳಿಗೆ ಫೇಸ್ ವಾಶ್ ಬದಲಿಸುತ್ತಾ ಕಾಲ ಕಳೆಯಬೇಡಿ. ಗರ್ಭಿಣಿಯರು ಯಾವ ಮದ್ದಿನದ್ದಾದರೂ ವೈದ್ಯರನ್ನು ಕೇಳಿಯೇ ಬಳಸಲಿ. ಚರ್ಮವೈದ್ಯರ ಬಳಿ ಹೋಗುವಾಗ ಈಗ ಬಳಸುತ್ತಿರುವ ಎಲ್ಲ ಟ್ಯೂಬು, ಬಾಟಲಿಗಳನ್ನೂ, ಇಲ್ಲವೇ ಅವುಗಳ ಹಿಂಬದಿಯ ಫೋಟೊಗಳನ್ನಾದರೂ ತೆಗೆದುಕೊಂಡು ಹೋಗಿ.