ಕಾಗದದಿಂದ ಇಳಿದು ಬಂದ ಉಡುಪು

ಕೇಳುಗರಿಗೆ ನಮಸ್ಕಾರ.

ಇವತ್ತು ನಿಮ್ಮ ಜೊತೆ ಒಬ್ಬ ಹುಡುಗ ಬರೆದ ಉಡುಪಿನ ಚಿತ್ರಗಳ ವಿಷಯ ಮಾತಾಡಬೇಕು. ಅವನ ಹೆಸರು ಈವ್ ಸಾಂ ಲೋರಾಂ. ಹುಟ್ಟಿದ್ದು 1936ರ ಆಗಸ್ಟ್ 1ರಂದು, ಅಲ್ಜೀರಿಯಾದ ಓರಾನ್‌ನಲ್ಲಿ. ಆಗ ಆ ದೇಶ ಫ್ರೆಂಚರ ಕೈಯಲ್ಲಿತ್ತು.

ಹುಡುಗ ಪತ್ರಿಕೆಗಳಲ್ಲಿದ್ದ ರೂಪದರ್ಶಿಯರ ಚಿತ್ರ ಕತ್ತರಿಸಿ ಗೊಂಬೆ ಮಾಡಿಕೊಳ್ಳುತ್ತಿದ್ದ. ಅವಕ್ಕೆ ಕಾಗದದ ಮೇಲೆ ಉಡುಪು ಬರೆದು, ಬಣ್ಣ ಹಾಕಿ, ಕತ್ತರಿಸಿ ತೊಡಿಸುತ್ತಿದ್ದ. ಒಂದೊಂದು ಗೊಂಬೆಗೂ ಬೀರು ತುಂಬ ಬಟ್ಟೆ! ನೋಡಿದವರಿಗೆ ಇದು ಸುಮ್ನೆ ಆಟ. ನನಗಂತೂ ಅವನ ನಿಜವಾದ ಪಾಠಶಾಲೆ ಅದೇ ಅನ್ನಿಸುತ್ತದೆ.

1954ರಲ್ಲಿ ಪ್ಯಾರಿಸ್‌ನಲ್ಲಿ ಉಣ್ಣೆ ಬಟ್ಟೆಯ ವಿನ್ಯಾಸ ಸ್ಪರ್ಧೆ ನಡೆಯಿತು. ಹುಡುಗನಿಗೆ 18. ಅವನು ಬರೆದ ಕಪ್ಪು ಉಡುಪಿಗೆ ಮೊದಲ ಬಹುಮಾನ ಬಂತು. ಕೋಟಿನ ವಿಭಾಗದಲ್ಲಿ ಗೆದ್ದವನು ಕಾರ್ಲ್ ಲಾಗರ್‌ಫೆಲ್ಡ್. ಮುಂದೆ ಇಬ್ಬರೂ ಎಷ್ಟು ದೊಡ್ಡ ಉಡುಪು ವಿನ್ಯಾಸಗಾರರಾದರು ಅಲ್ವಾ!

ಇಂಥ ಉಡುಪಿನ ಚಿತ್ರವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹೆಣ್ಣಿನ ಮೈ ನಿಜಕ್ಕಿಂತ ಜಾಸ್ತಿ ಉದ್ದ. ಮುಖ ಎರಡು ಮೂರು ಗೆರೆಯಲ್ಲಿ ಮುಗಿದಿರುತ್ತದೆ. ಗಮನವೆಲ್ಲ ಭುಜ, ಸೊಂಟ, ಬಟ್ಟೆ ಕೆಳಗಿಳಿಯುವ ರೀತಿಯ ಮೇಲೆ. ಯಾಕೆಂದರೆ ಅದನ್ನು ಮೊದಲು ಓದಬೇಕಾದವರು ಹೊಲಿಯುವವರು. ನೆರಿಗೆ ಎಲ್ಲಿ ಶುರು, ಬಟ್ಟೆ ಎಲ್ಲಿ ಬಿಗಿ, ಎಲ್ಲಿ ಸಡಿಲ ಅನ್ನೋದು ಗೆರೆಯಿಂದಲೇ ಅವರಿಗೆ ಗೊತ್ತಾಗಬೇಕು. ಪ್ಯಾರಿಸ್‌ನ ಹೊಲಿಗೆ ಮನೆಗಳಲ್ಲಿ ಮೊದಲು ಅಗ್ಗದ ಹತ್ತಿ ಬಟ್ಟೆಯಲ್ಲಿ ಮಾದರಿ ಹೊಲಿಯುತ್ತಾರೆ. ತಪ್ಪು ತಿದ್ದಿ, ಪಿನ್ ಚುಚ್ಚಿ, ಮತ್ತೆ ಬಿಚ್ಚುತ್ತಾರೆ. ಬೆಲೆಬಾಳುವ ಬಟ್ಟೆಗೆ ಕತ್ತರಿ ಹಾಕುವುದು ಆಮೇಲೆ.

ಹುಡುಗನ ಚಿತ್ರಗಳು ಫ್ರೆಂಚ್ 'ವೋಗ್' ಪತ್ರಿಕೆಯ ಸಂಪಾದಕ ಮಿಶೆಲ್ ದ ಬ್ರುನೋಫ್ ಅವರ ಕೈಗೆ ಬಂದವು. ಹೆಸರಾಂತ ವಿನ್ಯಾಸಗಾರ ಕ್ರಿಸ್ತಿಯಾನ್ ಡಿಯೋರ್ ಅವರ ಕೆಲಸಕ್ಕೆ ಇವು ಎಷ್ಟೊಂದು ಹತ್ತಿರ ಅಂತ ಅವರಿಗೆ ಬೆರಗು. ಚಿತ್ರಗಳನ್ನು ಡಿಯೋರ್‌ಗೇ ತೋರಿಸಿದರು. 1955ರ ಜೂನ್‌ನಲ್ಲಿ ಡಿಯೋರ್ ಹುಡುಗನನ್ನು ಕೆಲಸಕ್ಕೆ ಸೇರಿಸಿಕೊಂಡರು.

ಅಲ್ಲಿ ಅವನು ಬರೆದ ಒಂದು ಸಂಜೆಯುಡುಪು ನನಗೆ ಬಹಳ ಇಷ್ಟ. ಮೈಗಂಟಿದ ಕಪ್ಪು ಮಖಮಲ್ಲು. ಸೊಂಟದಲ್ಲಿ ಬಿಳಿ ಸ್ಯಾಟಿನ್ ಪಟ್ಟಿ, ನೆಲದವರೆಗೂ ಇಳಿದಿದೆ. ಬೇರೆ ಅಲಂಕಾರವೇ ಬೇಡ. ಛಾಯಾಗ್ರಾಹಕ ರಿಚರ್ಡ್ ಅವೆಡಾನ್ ಅದನ್ನು ಡೊವೀಮಾ ಎಂಬ ರೂಪದರ್ಶಿಗೆ ತೊಡಿಸಿ, ಪ್ಯಾರಿಸ್‌ನ ಸರ್ಕಸ್ಸಿನ ಆನೆಗಳ ನಡುವೆ ನಿಲ್ಲಿಸಿದರು. ಆನೆಗಳ ಸುಕ್ಕುಗಟ್ಟಿದ ಚರ್ಮ, ಅವುಗಳ ಮುಂದೆ ಆ ನುಣುಪು ಕಪ್ಪು, ಆ ಬಿಳಿ ಪಟ್ಟಿ.

ಉಡುಪಿಗೆ ಇದ್ದದ್ದು ಡಿಯೋರ್ ಹೆಸರು. ಚಿತ್ರ ತೆಗೆದದ್ದು 1955ರ ಆಗಸ್ಟ್‌ನಲ್ಲಿ. ಆ ಉಡುಪನ್ನು ಬರೆದ ಹುಡುಗನಿಗೆ 19 ತುಂಬಿದ್ದೂ ಅದೇ ತಿಂಗಳು.