ಕೈ ಖಾಲಿ ಉಂಟಾ, ಮಾವ?

ಕೇಳುಗರಿಗೆಲ್ಲ ನಮಸ್ಕಾರ.

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕಡೆ ತಾಳಮದ್ದಳೆ ಕೂಟಗಳು ಶುರು. ಮಳೆಗಾಲದ ಭಾನುವಾರ ಎಲ್ಲಾದರೊಂದು ಕಡೆ ಅರ್ಥ ಹೇಳುವುದು ನನ್ನ ಹಳೆಯ ಚಟ. ಹೋದ ವರ್ಷ ಜುಲೈಯಲ್ಲಿ ಒಂದು ಭಾನುವಾರ ಕೂಟ ಇರಲಿಲ್ಲ. ಉಡುಪಿಯ ನಮ್ಮ ಮನೆ ಚಾವಡಿಯಲ್ಲಿ ಪೇಪರ್ ಓದುತ್ತಾ ಕೂತಿದ್ದೆ. ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗ ಮೂವರು ಗೆಳೆಯರನ್ನು ಕಟ್ಟಿಕೊಂಡು ಬಂದ. ‘ಮಾವ, ಊಟದ ಮೇಜು ಸಂಜೆ ತನಕ ನಮಗೆ ಬೇಕು’ ಅಂದ.

ಮೇಜಿನ ಮೇಲೆ ಚೌಕದ ಹಾಳೆ ಹಾಸಿದರು. ಪೆನ್ಸಿಲ್, ರಬ್ಬರ್ ಇಟ್ಟರು. ಆಮೇಲೆ ಒಂದು ಬಟ್ಟೆ ಚೀಲದಿಂದ ದಾಳಗಳನ್ನು ಸುರಿದರು. ನಾಲ್ಕು ಮುಖದ್ದು, ಎಂಟು ಮುಖದ್ದು, ಇಪ್ಪತ್ತು ಮುಖದ್ದು ಕೂಡ ಉಂಟು. ಸ್ವಲ್ಪ ಹೊತ್ತಿನಲ್ಲಿ ಒಬ್ಬಳು ಹುಡುಗಿ, ‘ನಾನು ಬಾಗಿಲಿಗೆ ಕಿವಿಕೊಟ್ಟು ಕೇಳುತ್ತೇನೆ’ ಅಂದಳು. ಅಲ್ಲಿ ಬಾಗಿಲೇ ಇರಲಿಲ್ಲ. ಅಳಿಯ ಗಂಭೀರವಾಗಿ, ‘ಒಳಗೆ ಯಾರೋ ಗೊರಕೆ ಹೊಡೆಯುತ್ತಿದ್ದಾರೆ’ ಅಂದ.

ನಾನು ಪೇಪರ್ ಮಡಚಿಟ್ಟೆ. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಪಾತ್ರ, ಬಾಯಲ್ಲೇ ಯುದ್ಧ. ಇದು ತಾಳಮದ್ದಳೆಯೇ ಅಲ್ವಾ? ಅಳಿಯ ಭಾಗವತ, ಉಳಿದವರು ಅರ್ಥಧಾರಿಗಳು. ಅವರ ಭಾಷೆಯಲ್ಲಿ ಭಾಗವತನಿಗೆ ಡಂಜನ್ ಮಾಸ್ಟರ್ ಅನ್ನುತ್ತಾರೆ. ಒಂದೇ ವ್ಯತ್ಯಾಸ. ನಮ್ಮಲ್ಲಿ ಕರ್ಣ ಎಷ್ಟು ಚೆನ್ನಾಗಿ ಮಾತಾಡಿದರೂ ಬೆಳಗಾಗುವಾಗ ಸಾಯಲೇಬೇಕು. ಇವರಲ್ಲಿ ಅದನ್ನು ದಾಳ ಹೇಳುತ್ತದೆ. ಮುಂದಿನ ವಾರ ನಾನೂ ಒಂದು ಕುರ್ಚಿ ಎಳೆದುಕೊಂಡೆ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದದ್ದು. ಇದರಲ್ಲಿ ಪ್ರತಿ ಪಾತ್ರಕ್ಕೂ ಒಂದು ಕಸುಬು ಇರುತ್ತದೆ. ಅದಕ್ಕೆ ಕ್ಲಾಸ್ ಅನ್ನುತ್ತಾರೆ. ಕತ್ತಿ ಹಿಡಿಯುವವ ಫೈಟರ್. ಪುಸ್ತಕ ಓದಿ ಮಂತ್ರ ಕಲಿತವ ವಿಜಾರ್ಡ್. ದೇವರ ಬಲದಿಂದ ಗಾಯ ಮಾಯಿಸುವವ ಕ್ಲೆರಿಕ್. ಕತ್ತಲಲ್ಲಿ ಬೀಗ ತೆಗೆಯುವವ ರೋಗ್. ಅನುಭವದ ಅಂಕ ಕೂಡಿದಂತೆ ಒಂದರಿಂದ ಇಪ್ಪತ್ತರ ತನಕ ಲೆವೆಲ್ ಏರುತ್ತದೆ. ಮೇಳಕ್ಕೆ ಸೇರಿದ ಹುಡುಗ ಕೋಡಂಗಿ, ಬಾಲಗೋಪಾಲ ಕುಣಿದು ಮೆಲ್ಲ ಪುಂಡುವೇಷಕ್ಕೆ ಬರುತ್ತಾನಲ್ಲ, ಹಾಗೆ. ಒಂದೇ ಪಾತ್ರ ಒಂದು ಕಸುಬಿನ ಜೊತೆ ಇನ್ನೊಂದನ್ನೂ ಕಲಿತರೆ ಅದು ಮಲ್ಟಿಕ್ಲಾಸಿಂಗ್. ನಾನು ಮುಗ್ಗರಿಸಿದ್ದೂ ಅಲ್ಲಿಯೇ.

ಅದಕ್ಕೆ ಮೊದಲು ಸ್ವಲ್ಪ ಹಳೆಯ ಕಥೆ. ಮೊದಲ ವರ್ಷ ಇದ್ದದ್ದೇ ಮೂರು ಕಸುಬು. ಕಾಡಿನ ಎಲ್ಫ್ ಜನರಿಗೆ ಮಾತ್ರ ಒಂದು ಸಾಹಸಕ್ಕೆ ಕತ್ತಿಯವನಾಗಿ, ಇನ್ನೊಂದಕ್ಕೆ ಮಂತ್ರದವನಾಗಿ ಹೋಗಬಹುದಿತ್ತು. 1978ರ ನಿಯಮದಲ್ಲಿ ಎರಡು ದಾರಿ ಮಾಡಿದರು. ಎಲ್ಫ್, ಕುಳ್ಳ ಡ್ವಾರ್ಫ್ ಮುಂತಾದವರು ಎರಡು ಕಸುಬನ್ನು ಜೊತೆಜೊತೆಗೆ ಕಲಿಯಬಹುದು. ಆದರೆ ಸಿಕ್ಕಿದ ಅಂಕವನ್ನು ಎರಡಕ್ಕೂ ಸಮ ಹಂಚಬೇಕು. ಹಾಗಾಗಿ ಎರಡೂ ನಿಧಾನ. ಮನುಷ್ಯರಿಗೆ ಆ ಸೌಲಭ್ಯ ಇಲ್ಲ. ಮನುಷ್ಯ ಹಳೆಯ ಕಸುಬನ್ನು ಪೂರ್ತಿ ನಿಲ್ಲಿಸಿ ಹೊಸದನ್ನು ಒಂದನೇ ಲೆವೆಲ್‌ನಿಂದ ಶುರು ಮಾಡಬೇಕು. ಹೊಸದು ಹಳೆಯದನ್ನು ದಾಟುವ ತನಕ ಹಳೆಯ ವಿದ್ಯೆ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಆ ಸಲದ ಅಂಕಕ್ಕೆ ಕತ್ತರಿ.

ಅಳಿಯ ಇದನ್ನು ಹೇಳುವಾಗ ನನಗೆ ನಗು ಬಂತು. ‘ಇದು ನಮ್ಮ ವಿಶ್ವಾಮಿತ್ರ ಮಾರಾಯ’ ಅಂದೆ. ರಾಜ್ಯ ಬಿಟ್ಟ, ಸೊನ್ನೆಯಿಂದ ತಪಸ್ಸಿಗೆ ಕೂತ. ಒಳಗಿನ ಕ್ಷತ್ರಿಯ ಸಿಟ್ಟು ಎದ್ದಾಗೆಲ್ಲ ಕೂಡಿಟ್ಟ ತಪಸ್ಸು ಖಾಲಿ! ದ್ರೋಣ ಹಾಗಲ್ಲ. ಅವನು ವೇದವನ್ನೂ ಬಿಲ್ಲನ್ನೂ ಒಟ್ಟಿಗೇ ಹೊತ್ತವನು. ಒಂದೇ ಪುಸ್ತಕದ ಎರಡು ದಾರಿಗೆ ನಮ್ಮ ಪ್ರಸಂಗಗಳಲ್ಲಿ ಆಗಲೇ ಇಬ್ಬರು ಕೂತಿದ್ದರು. ಅಳಿಯ ಅದನ್ನು ತನ್ನ ನೋಟ್ ಪುಸ್ತಕದಲ್ಲಿ ಬರೆದುಕೊಂಡ. ನನಗೆ ಸ್ವಲ್ಪ ಜಂಬ ಬಂತು ಅಂತಲೇ ಹೇಳಬೇಕು.

2000ದಲ್ಲಿ ಬಂದ ಮೂರನೇ ಆವೃತ್ತಿ ಬೇಲಿ ಕಿತ್ತು ಹಾಕಿತು. ಪ್ರತಿ ಸಲ ಲೆವೆಲ್ ಏರುವಾಗ ಯಾವ ಕಸುಬಿಗೆ ಬೇಕಾದರೂ ಆ ಮೆಟ್ಟಿಲನ್ನು ಹಾಕಿಕೊಳ್ಳಬಹುದು. ನಮ್ಮ ಮನೆಯಲ್ಲಿ ಆಡುವುದು 2014ರ ಐದನೇ ಆವೃತ್ತಿ. ಇದರಲ್ಲೂ ಮೂಲ ಪದ್ಧತಿ ಅದೇ. ಆದರೆ ಭಾಗವತ ಒಪ್ಪಬೇಕು, ಮತ್ತು ಎರಡೂ ಕಸುಬಿಗೆ ಬೇಕಾದ ಸಾಮರ್ಥ್ಯದ ಅಂಕ ಕನಿಷ್ಠ 13 ಇರಬೇಕು. ವಿಜಾರ್ಡ್ ಆಗಲು ಬುದ್ಧಿ 13. ಫೈಟರ್‌ಗೆ ಶಕ್ತಿ ಅಥವಾ ಚುರುಕುತನ 13.

ನನ್ನ ಪಾತ್ರ ಫೈಟರ್. ಶಕ್ತಿ 16, ಬುದ್ಧಿ ಸರಿಯಾಗಿ 13. ಮೂರು ಲೆವೆಲ್ ಕತ್ತಿ ಬೀಸಿದ ಮೇಲೆ ನನಗೆ ಆಸೆ ಹುಟ್ಟಿತು. ಮಂಗಳೂರಿನಿಂದ ಬರುವ ಆ ಹುಡುಗಿ ವಿಜಾರ್ಡ್. ಅವಳು ಕೂತಲ್ಲಿಂದಲೇ ನಾಲ್ಕು ಜನರನ್ನು ನಿದ್ದೆಗೆ ಕೆಡವುತ್ತಿದ್ದಳು. ನಾನು ಒಬ್ಬನ ಹಿಂದೆ ಓಡಬೇಕು. ‘ನನಗೂ ಮಂತ್ರ ಬೇಕು’ ಅಂದೆ. ಅಳಿಯ ತಲೆ ಆಡಿಸಿದ. ‘ಬೇಡ ಮಾವ, ಐದರ ತನಕ ಕಾಯಿರಿ’ ಅಂದ. ಚಿಕ್ಕವರು ಹೇಳಿದ್ದನ್ನು ನಾವು ಯಾವಾಗ ಕೇಳಿದ್ದೇವೆ? ನಾಲ್ಕನೆಯದನ್ನೂ ಐದನೆಯದನ್ನೂ ವಿಜಾರ್ಡ್‌ಗೆ ಹಾಕಿದೆ. ಅವಳು ಆಟ ಶುರುವಾದ ದಿನ ಬಿಟ್ಟಿಯಾಗಿ ಪಡೆದ ವಿಜಾರ್ಡ್ ಒಂದನೇ ಲೆವೆಲ್ ನನಗೆ ದಕ್ಕಿದ್ದು 2,700 ಅಂಕ ಕೂಡಿದ ಮೇಲೆ. ಮುಂದಿನ ಲೆವೆಲ್‌ನ ದರ ಒಟ್ಟು ಲೆವೆಲ್ ನೋಡಿ ಬೀಳುತ್ತದೆ, ಕಸುಬು ನೋಡಿ ಅಲ್ಲ.

ಈ ಲೆಕ್ಕ ನನಗೆ ಅರ್ಥವಾದದ್ದು ನೌಕರಿಯ ಭಾಷೆಯಲ್ಲಿ. ಸ್ವಂತ ಕೋರಿಕೆಯ ಮೇಲೆ ಬೇರೆ ಜಿಲ್ಲೆಗೆ ವರ್ಗ ಮಾಡಿಸಿಕೊಂಡವರನ್ನು ನೀವು ನೋಡಿರಬಹುದು. ಒಟ್ಟು ಸರ್ವಿಸ್ ಎಲ್ಲಿಗೂ ಹೋಗುವುದಿಲ್ಲ, ಪಿಂಚಣಿಗೆ ಅದು ಲೆಕ್ಕಕ್ಕೆ ಬರುತ್ತದೆ. ಆದರೆ ಹೊಸ ಕಡೆ ಸೀನಿಯಾರಿಟಿ ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗೆ. ಇಲ್ಲೂ ಹಾಗೆಯೇ. ಪ್ರಾವೀಣ್ಯದ ಬೋನಸ್ ಅಂತ ಒಂದಿದೆ, ಅದು ಒಟ್ಟು ಲೆವೆಲ್ ನೋಡುತ್ತದೆ. ಐದಕ್ಕೆ ಎಲ್ಲರಿಗೂ 3. ಉಳಿದ ಹೆಚ್ಚಿನ ವಿದ್ಯೆಗಳೆಲ್ಲ ಆಯಾ ಕಸುಬಿನ ಲೆವೆಲ್ ನೋಡುತ್ತವೆ. ನಾಲ್ಕನೇ ಲೆವೆಲ್‌ಗೆ ಶಕ್ತಿಯನ್ನೋ ಬುದ್ಧಿಯನ್ನೋ ಎರಡು ಅಂಕ ಏರಿಸಿಕೊಳ್ಳುವ ಅವಕಾಶ ಸಿಗುತ್ತದೆ. ಅದು ಫೈಟರ್ ನಾಲ್ಕು ಅಥವಾ ವಿಜಾರ್ಡ್ ನಾಲ್ಕು ಆಗಿರಬೇಕು. ನನ್ನದು ಮೂರು ಮತ್ತು ಎರಡು. ಕೂಡಿದರೆ ಐದು, ಬಡ್ತಿ ಸೊನ್ನೆ.

ಇನ್ನು ಆ ಗುಹೆಯ ಕಥೆ ಕೇಳಿ. ನಾವೆಲ್ಲ ಐದನೇ ಲೆವೆಲ್. ಎದುರಿಗೆ ಗಾಬ್ಲಿನ್ ಎಂಬ ಕುಳ್ಳ ರಾಕ್ಷಸರ ದಂಡು. ಅಡುಗೆಮನೆಯಿಂದ ಗೋಳಿಬಜೆ ಬಂದಿತ್ತು, ದಾಳಕ್ಕೆಲ್ಲ ಎಣ್ಣೆ. ಪ್ಯಾಲಡಿನ್, ಅಂದರೆ ವ್ರತ ಹಿಡಿದ ಯೋಧನಾಗಿದ್ದ ಹುಡುಗ ಒಂದೇ ಸರದಿಯಲ್ಲಿ ಎರಡು ಏಟು ಹೊಡೆದ. ಐದಕ್ಕೆ ಅದು ಸಿಗುತ್ತದೆ. ಫೈಟರ್‌ಗೂ ಸಿಗುತ್ತದೆ, ಪೂರ್ತಿ ಐದು ಫೈಟರ್ ಆಗಿದ್ದರೆ. ಆ ಹುಡುಗಿ ಫೈರ್‌ಬಾಲ್ ಎಸೆದಳು. ಅದಕ್ಕೆ ಎಂಟು ಆರು-ಮುಖದ ದಾಳ ಉರುಳಿಸಬೇಕು. ಚೀಲದಲ್ಲಿ ಅಷ್ಟು ಇರಲಿಲ್ಲ. ಕಪಾಟಿನಿಂದ ಹಳೆಯ ಲೂಡೋ ಡಬ್ಬಿ ತೆಗೆದು ಎರಡು ದಾಳ ಕೊಟ್ಟವನು ನಾನೇ. ಗುಹೆ ಅರ್ಧ ಖಾಲಿ.

ನನ್ನ ಸರದಿ ಬಂತು. ನನಗೆ ಏಟು ಒಂದೇ. ಮಂತ್ರ ಹಾಕುವ ಅಂದರೆ, ಬುದ್ಧಿ 13, ವಿಜಾರ್ಡ್ ಲೆವೆಲ್ ಎರಡು ಆದ ಕಾರಣ ದಿನಕ್ಕೆ ಮೂರು ಮಂತ್ರ ಮಾತ್ರ ತಯಾರಿ. ಅವಳದ್ದು ಬುದ್ಧಿ 18, ತಯಾರಿ ಒಂಬತ್ತು. ನನ್ನ ಮಂತ್ರದಿಂದ ತಪ್ಪಿಸಿಕೊಳ್ಳಲು ಎದುರಾಳಿಗೆ 12 ಬಿದ್ದರೆ ಸಾಕು, ಅವಳದ್ದಕ್ಕೆ 15 ಬೇಕು. ಒಂದು ತೆಂಗಿನಮರಕ್ಕೆ ಹಾಕುವ ಗೊಬ್ಬರವನ್ನು ಎರಡಕ್ಕೆ ಹಂಚಿದ ಹಾಗಾಗಿತ್ತು ನನ್ನ ಸ್ಥಿತಿ. ಶಕ್ತಿಯೂ ಬೇಕು, ಬುದ್ಧಿಯೂ ಬೇಕು, ದೇಹದಾರ್ಢ್ಯವೂ ಬೇಕು.

ಅಷ್ಟರಲ್ಲಿ ಒಂದು ಗಾಬ್ಲಿನ್ ನನಗೆ ಬಾಣ ಬಿಟ್ಟಿತು. ನನ್ನ ರಕ್ಷಣೆ 18, ಬಾಣಕ್ಕೆ ಎಲ್ಲ ಕೂಡಿ ಬಂದದ್ದು 20. ನನ್ನ ಹತ್ತಿರ ಶೀಲ್ಡ್ ಅಂತ ಮಂತ್ರ ಇತ್ತು. ಏಟು ಬೀಳುವ ಗಳಿಗೆಯಲ್ಲಿ ಹಾಕಿದರೆ ರಕ್ಷಣೆ ಐದು ಏರುತ್ತದೆ. ‘ಶೀಲ್ಡ್!’ ಅಂತ ಅರ್ಥಧಾರಿಯ ಗತ್ತಿನಲ್ಲೇ ಕೂಗಿದೆ.

ಅಳಿಯ ಕೇಳಿದ, ‘ಮಾವ, ಕೈ ಖಾಲಿ ಉಂಟಾ?’

ಬಲಗೈಯಲ್ಲಿ ಖಡ್ಗ. ಎಡಗೈಯಲ್ಲಿ ಗುರಾಣಿ. ಆ ಮಂತ್ರಕ್ಕೆ ಬಾಯಿಯ ಜೊತೆ ಕೈಯ ಮುದ್ರೆಯೂ ಬೇಕು. ಕೈಯಲ್ಲಿ ಗುರಾಣಿ ಇರುವ ಕಾರಣಕ್ಕೇ ನನಗೆ ಗುರಾಣಿಯ ಮಂತ್ರ ಹಾಕಲಾಗಲಿಲ್ಲ! ಹುಡುಗರು ನಕ್ಕ ನಗುವಿಗೆ ಪಕ್ಕದ ಮನೆಯವರು ಇಣುಕಿ ನೋಡಿದರು.

ಹಾಗಾದರೆ ಎರಡು ಕಸುಬು ದಂಡವಾ? ಅಲ್ಲ. ಆ ಪ್ಯಾಲಡಿನ್ ಹುಡುಗನನ್ನೇ ನೋಡಿ. ಅವನು ಎರಡು ಏಟು ಕೈಗೆ ಬರುವ ತನಕ ಕಾದ. ಆರನೆಯದನ್ನು ಸಾರ್ಸರರ್‌ಗೆ ಹಾಕಿದ. ಅದು ಹುಟ್ಟಿನಿಂದಲೇ ಮಂತ್ರ ಬಂದವರ ಕಸುಬು. ಎರಡರ ಮಂತ್ರವೂ ವರ್ಚಸ್ಸು ಎಂಬ ಒಂದೇ ಸಾಮರ್ಥ್ಯದ ಮೇಲೆ ನಿಂತಿದೆ, ಹಾಗಾಗಿ ಮಂತ್ರಕ್ಕೆ ಗೊಬ್ಬರ ಹಂಚುವ ಪ್ರಶ್ನೆ ಇಲ್ಲ. ಸಾರ್ಸರರ್ ಕಡೆಯಿಂದ ಬರುವ ಮಂತ್ರಬಲವನ್ನು ಪ್ಯಾಲಡಿನ್‌ನ ಕತ್ತಿ ಏಟಿಗೆ ಸುರಿಯಬಹುದು. ಒಂದರ ಹಣ ಇನ್ನೊಂದರ ಅಂಗಡಿಯಲ್ಲಿ ನಡೆಯುತ್ತದೆ. ಆದರೂ ಅಳಿಯನ ತಕರಾರು ಇದ್ದದ್ದೇ. ಆರಕ್ಕೆ ಪ್ಯಾಲಡಿನ್‌ಗೆ ಪಕ್ಕದಲ್ಲಿದ್ದವರನ್ನೂ ಕಾಯುವ ಪ್ರಭೆ ಸಿಗುತ್ತದಂತೆ, ಅದಕ್ಕೂ ಕಾಯಬೇಕಿತ್ತಂತೆ.

ಎರಡೂ ಮಂತ್ರದ ಕಸುಬೇ ಆದರೆ ಇನ್ನೊಂದು ತಮಾಷೆ ಇದೆ. ಕ್ಲೆರಿಕ್ ಮೂರು, ವಿಜಾರ್ಡ್ ಎರಡು ಅಂತ ಇಟ್ಟುಕೊಳ್ಳಿ. ಮಂತ್ರಬಲದ ಲೆಕ್ಕಕ್ಕೆ ಎರಡನ್ನೂ ಕೂಡಿಸುತ್ತಾರೆ. ಐದನೇ ಲೆವೆಲ್‌ನವರಿಗೆ ಸಿಗುವ ದೊಡ್ಡ ಕೊಡಪಾನವೇ ಸಿಗುತ್ತದೆ. ಆದರೆ ಮಂತ್ರ ಕಲಿಯುವುದು ಆಯಾ ಕಸುಬಿನ ಮಟ್ಟಕ್ಕೆ ಮಾತ್ರ. ಕೊಡಪಾನ ಇದೆ, ಅದರೊಳಗೆ ಫೈರ್‌ಬಾಲ್ ಇಲ್ಲ. ಸಣ್ಣ ಮಂತ್ರವನ್ನೇ ದೊಡ್ಡ ಕೊಡದಲ್ಲಿ ತುಂಬಿ ಜೋರು ಮಾಡಬಹುದು ಅಷ್ಟೆ. ವಾರ್ಲಾಕ್, ಅಂದರೆ ಯಾವುದೋ ಶಕ್ತಿಯ ಜೊತೆ ಒಪ್ಪಂದ ಮಾಡಿ ಮಂತ್ರ ಪಡೆದವರ ಮಂತ್ರಬಲ ಈ ಕೂಡಿಕೆಗೆ ಸೇರುವುದಿಲ್ಲ, ಅವರದ್ದು ಬೇರೆ ಖಾತೆ.

ಮತ್ತೆ, ಯಾವುದರಿಂದ ಶುರು ಮಾಡುತ್ತೀರಿ ಅನ್ನುವುದೂ ಮುಖ್ಯ. ನಾನು ಫೈಟರ್ ಆಗಿ ಶುರು ಮಾಡಿದ ಕಾರಣ ಭಾರದ ಕವಚ ತೊಡಬಲ್ಲೆ, ತೊಟ್ಟೇ ಮಂತ್ರವನ್ನೂ ಹಾಕಬಲ್ಲೆ. ವಿಜಾರ್ಡ್ ಆಗಿ ಶುರು ಮಾಡಿ ಆಮೇಲೆ ಫೈಟರ್‌ಗೆ ಬಂದಿದ್ದರೆ ಆ ಕವಚದ ತರಬೇತಿ ಸಿಗುತ್ತಿರಲಿಲ್ಲ. ಇಷ್ಟು ಮಟ್ಟಿಗೆ ನನ್ನ ಹಣೆಬರಹ ಚೆನ್ನಾಗಿತ್ತು.

ಬರೀ ಲಾಭ ನೋಡಿ ಕಸುಬು ಕೂಡಿಸುವವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. ಇವತ್ತು ದೇವರಿಗೆ ಹರಕೆ, ನಾಳೆ ಕತ್ತಲ ಶಕ್ತಿಯ ಜೊತೆ ಒಪ್ಪಂದ, ನಡುವೆ ಒಂದು ಮಾತಿಲ್ಲ. ನಮ್ಮ ಕೂಟದಲ್ಲಾದರೆ ಎದುರು ಅರ್ಥಧಾರಿ ಬಿಡುತ್ತಾನಾ? ‘ಇದೆಲ್ಲಿಂದ ಬಂತು ನಿನಗೆ?’ ಅಂತ ಕೇಳಿಯೇ ಕೇಳುತ್ತಾನೆ. ನಾನು ನನ್ನ ಫೈಟರ್‌ಗೆ ಒಂದು ಕಥೆ ಕಟ್ಟಿದ್ದೆ. ಸತ್ತ ತಮ್ಮನ ಮಂತ್ರದ ಪುಸ್ತಕ ಅವನ ಕೈಗೆ ಬಂದಿದೆ, ಓದಲು ಕಷ್ಟಪಡುತ್ತಿದ್ದಾನೆ. ಹಾಗಾಗಿ ಬುದ್ಧಿ 13 ಇದ್ದದ್ದು ಕಥೆಗೆ ಸರಿಯೇ ಹೊಂದಿತು.

ಆರನೇ ಲೆವೆಲ್ ಬಂದಾಗ ಅಳಿಯ ಪೆನ್ಸಿಲ್ ಹಿಡಿದು ಕೇಳಿದ, ‘ಇದು ಯಾವುದಕ್ಕೆ ಮಾವ?’ ವಿಜಾರ್ಡ್ ಮೂರು ಆದರೆ ಎರಡನೇ ಮಟ್ಟದ ಮಂತ್ರಗಳು ಸಿಗುತ್ತವೆ. ಅದೃಶ್ಯನಾಗಬಹುದು! ಎರಡು ರಾತ್ರಿ ಯೋಚಿಸಿದೆ. ಕೊನೆಗೆ ಫೈಟರ್ ನಾಲ್ಕು ಮಾಡಿದೆ. ಆಗ ಸಿಕ್ಕಿದ ಅಂಕದ ಬದಲು ವಾರ್ ಕ್ಯಾಸ್ಟರ್ ಎಂಬ ವಿಶೇಷ ವಿದ್ಯೆ ತೆಗೆದುಕೊಂಡೆ. ಆಯುಧ ಹಿಡಿದ ಕೈಯಲ್ಲೇ ಮುದ್ರೆ ಮಾಡಬಹುದು.

ಅದರ ಮುಂದಿನ ಭಾನುವಾರ. ಸೇತುವೆಯ ಮೇಲಿಂದ ಒಂದು ಗಾಬ್ಲಿನ್ ಬಾಣ ಹೂಡಿತು. ಅಳಿಯ ಇಪ್ಪತ್ತರ ದಾಳ ಉರುಳಿಸಿದ. ಅದು ಚಾದ ಲೋಟಕ್ಕೆ ತಾಗಿ ನಿಂತಿತು. 15, ಅದಕ್ಕೆ 4 ಸೇರಿ 19. ‘ತಾಗಿತು’ ಅಂದ.

‘ಶೀಲ್ಡ್’ ಅಂದೆ, ಈ ಸಲ ಮೆಲ್ಲಗೆ.

ಅವನು ನಗುತ್ತಾ ಬಾಯಿ ತೆರೆದ. ಆಮೇಲೆ ನನ್ನ ಹಾಳೆ ನೋಡಿ ಬಾಯಿ ಮುಚ್ಚಿದ. ಪ್ಯಾಲಡಿನ್ ಹುಡುಗ ಉಳಿದಿದ್ದ ಒಂದೇ ಒಂದು ಗೋಳಿಬಜೆಯನ್ನು ನನ್ನ ಕಡೆ ದೂಡಿದ.

ನಮಸ್ಕಾರ.