ಪೆಟ್ಟಿಗೆಯೊಳಗೆ ಏನಿದೆ?

ಎಲ್ಲರಿಗೂ ನಮಸ್ಕಾರ.

2010ರ ಸೆಪ್ಟೆಂಬರ್ 3ರ ಸಂಜೆ. ದುಬೈನಿಂದ ಒಂದು ಸರಕು ವಿಮಾನ ಹೊರಟಿತು. ಬೋಯಿಂಗ್ 747, ದೊಡ್ಡ ವಿಮಾನ. ಒಳಗಿದ್ದವರು ಪೈಲಟ್‌ಗಳಿಬ್ಬರೇ. ಹೊರಟು ಅರ್ಧ ಗಂಟೆ ಆಗುವ ಮೊದಲೇ ಬೆಂಕಿಯ ಎಚ್ಚರಿಕೆ ಬಂತು. ನೋಡನೋಡುತ್ತಿದ್ದಂತೆ ಕಾಕ್‌ಪಿಟ್‌ನಲ್ಲಿ ಹೊಗೆ ತುಂಬಿತು. ಎದುರಿಗಿದ್ದ ಮೀಟರುಗಳೇ ಕಾಣದಷ್ಟು ಹೊಗೆ. ವಿಮಾನವನ್ನು ಮತ್ತೆ ದುಬೈ ಕಡೆಗೆ ತಿರುಗಿಸಿದರು. ಇಳಿಸುವುದಕ್ಕೆ ಆಗಲಿಲ್ಲ. ಇಬ್ಬರೂ ತೀರಿಕೊಂಡರು.

ಆ ವಿಮಾನದಲ್ಲಿ 81,000ಕ್ಕೂ ಜಾಸ್ತಿ ಲಿಥಿಯಂ ಬ್ಯಾಟರಿಗಳಿದ್ದವು. ತನಿಖೆಯಲ್ಲಿ ಇನ್ನೊಂದು ಸಂಗತಿಯೂ ಹೊರಗೆ ಬಂತು. ಅದರಲ್ಲಿದ್ದ ಕನಿಷ್ಠ ಮೂರು ರವಾನೆಗಳನ್ನು ಅಪಾಯಕಾರಿ ಸರಕು ಎಂದು ಕಾಗದದಲ್ಲಿ ಬರೆಯಬೇಕಿತ್ತು. ಬರೆದಿರಲಿಲ್ಲ. ನನ್ನನ್ನು ಇವತ್ತಿಗೂ ಕಾಡುವುದು ಈ ಮಾತು. ತಮ್ಮ ಬೆನ್ನ ಹಿಂದೆ ಏನಿದೆ ಎಂದು ಆ ಇಬ್ಬರಿಗೆ ಯಾವ ಕಾಗದವೂ ಹೇಳಿರಲಿಲ್ಲ.

ಲಿಥಿಯಂ ಬ್ಯಾಟರಿ ಇರುವ ವಸ್ತುಗಳನ್ನು ವಿಮಾನದಲ್ಲಿ, ಹಡಗಿನಲ್ಲಿ ಬೇರೆ ದೇಶಕ್ಕೆ ಕಳಿಸುವುದು ಹೇಗೆ ಅನ್ನುವುದು ಇವತ್ತಿನ ಮಾತು. ನಾನು ಬಹಳ ವರ್ಷ ಇಂಥ ರವಾನೆಯ ಕಾಗದಗಳನ್ನು ನೋಡಿಕೊಂಡವನು. ಅದಕ್ಕೇ ಇದು ನನಗೆ ಬರೀ ನಿಯಮಗಳ ವಿಷಯ ಅಲ್ಲ.

ಮೊದಲು ಈ ಬ್ಯಾಟರಿ ಯಾಕೆ ಇಷ್ಟು ತಲೆನೋವು ಅಂತ ನೋಡೋಣ. ಲಿಥಿಯಂ ಅಯಾನ್ ಸೆಲ್ ಒಳಗೆ ಎರಡು ಪದರ ಇರುತ್ತವೆ. ಒಂದಕ್ಕೊಂದು ತಾಗದ ಹಾಗೆ ನಡುವೆ ಒಂದು ಪ್ಲಾಸ್ಟಿಕ್ ಪೊರೆ. ಅದು ತಲೆಗೂದಲಿಗಿಂತ ತೆಳು. ಸುತ್ತಲೂ ಬೇಗ ಹೊತ್ತಿಕೊಳ್ಳುವ ದ್ರವ. ಸೆಲ್ ನಜ್ಜುಗುಜ್ಜಾದರೆ, ತಯಾರಿಯಲ್ಲೇ ದೋಷ ಇದ್ದರೆ, ಅಥವಾ ಎರಡು ತುದಿಗಳ ನಡುವೆ ಲೋಹ ತಾಗಿ ಶಾರ್ಟ್ ಆದರೆ, ಒಳಗೆ ಕಾವು ಏರುತ್ತದೆ. ಸುಮಾರು 130 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಆ ಪೊರೆ ಕರಗತೊಡಗುತ್ತದೆ. ಪದರಗಳು ತಾಗುತ್ತವೆ, ಕಾವು ಇನ್ನೂ ಏರುತ್ತದೆ. ಆ ಕಾವಿಗೆ ಒಳಗಿನ ರಾಸಾಯನಿಕಗಳು ಒಡೆದು ಇನ್ನಷ್ಟು ಕಾವು ಕೊಡುತ್ತವೆ. ಇದನ್ನು ಥರ್ಮಲ್ ರನ್‌ಅವೇ ಎನ್ನುತ್ತಾರೆ. ಕೈಮೀರಿದ ಕಾವು ಅಂತ ತಿಳಿದುಕೊಳ್ಳಿ. ಒಂದು ಸೆಲ್ ಹೀಗಾದರೆ ಪಕ್ಕದ್ದು ಕಾಯುತ್ತದೆ, ಅದಾದ ಮೇಲೆ ಅದರ ಪಕ್ಕದ್ದು.

ವಿಮಾನದ ಸರಕು ಕೋಣೆಯಲ್ಲಿ ಬೆಂಕಿ ಆರಿಸಲು ಹ್ಯಾಲಾನ್ ಎಂಬ ಅನಿಲ ಬಳಸುತ್ತಾರೆ. ಅದು ಜ್ವಾಲೆಯನ್ನು ಆರಿಸುತ್ತದೆ. ಆದರೆ ಸೆಲ್ಲಿನ ಒಳಗಿನ ಕಾವನ್ನು ಇಳಿಸುವುದಿಲ್ಲ. ಅದು ಒಂದರಿಂದ ಇನ್ನೊಂದಕ್ಕೆ ದಾಟುತ್ತಲೇ ಇರುತ್ತದೆ. ಸಾಲದ್ದಕ್ಕೆ ಸೆಲ್ಲುಗಳು ಹೈಡ್ರೋಜನ್‌ನಂಥ ಹೊತ್ತಿಕೊಳ್ಳುವ ಅನಿಲಗಳನ್ನು ಉಗುಳುತ್ತವೆ. ಬರೀ ಸರಕು ಸಾಗಿಸುವ ವಿಮಾನಗಳ ಮೇಲಿನ ಅಂತಸ್ತಿನಲ್ಲಿ ಸಾಮಾನ್ಯವಾಗಿ ಹ್ಯಾಲಾನ್ ಕೂಡ ಇರುವುದಿಲ್ಲ. ಗಾಳಿಯ ಒತ್ತಡ ಇಳಿಸಿ ಬೆಂಕಿಗೆ ಉಸಿರು ಸಿಗದ ಹಾಗೆ ಮಾಡುವುದೊಂದೇ ದಾರಿ. ಬ್ಯಾಟರಿಯ ಬೆಂಕಿಗೆ ನಿಜವಾಗಿ ಬೇಕಾದದ್ದು ತಂಪು, ಅಂದರೆ ಬೇಕಾದಷ್ಟು ನೀರು. ಆಕಾಶದಲ್ಲಿ ಅಷ್ಟು ನೀರು ಎಲ್ಲಿಂದ ತರೋಣ?

ಈ ಕಾರಣಕ್ಕೇ ನಿಯಮಗಳು ಬಿಗಿಯಾದವು. ಒಮ್ಮೆ ಬಳಸಿ ಬಿಸಾಡುವ ಲಿಥಿಯಂ ಲೋಹದ ಬ್ಯಾಟರಿಗಳನ್ನು ಬಿಡಿಯಾಗಿ ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಕಳಿಸುವುದು 2015ರ ಜನವರಿಯಿಂದ ನಿಂತಿತು. ಮತ್ತೆ ಮತ್ತೆ ಚಾರ್ಜ್ ಮಾಡುವ ಲಿಥಿಯಂ ಅಯಾನ್ ಬ್ಯಾಟರಿಗಳಿಗೂ 2016ರ ಏಪ್ರಿಲ್ 1ರಿಂದ ಅದೇ ನಿಷೇಧ ಬಂತು. ಸರಕು ವಿಮಾನದಲ್ಲಿ ಕಳಿಸಬಹುದು, ಆದರೆ ಚಾರ್ಜ್ ಶೇಕಡಾ 30 ಮೀರಬಾರದು. ಈ 30ರ ಲೆಕ್ಕ ಸುಮ್ನೆ ಬಂದದ್ದಲ್ಲ. ಚಾರ್ಜ್ ಕಡಿಮೆ ಇದ್ದಷ್ಟೂ ಒಂದು ಸೆಲ್ಲಿನ ಕಾವು ಪಕ್ಕದ್ದಕ್ಕೆ ಹಬ್ಬುವುದು ಕಷ್ಟ ಎಂದು ಪರೀಕ್ಷೆಗಳಲ್ಲಿ ಕಂಡಿತ್ತು. 2026ರ ಜನವರಿ 1ರಿಂದ ಈ ಮಿತಿಗೆ ಒಳಪಡುವ ಬ್ಯಾಟರಿಗಳು ಇನ್ನಷ್ಟು ಹೆಚ್ಚಿವೆ. ಉಪಕರಣದ ಜೊತೆ ಅದೇ ಪೆಟ್ಟಿಗೆಯಲ್ಲಿ ಬೇರೆಯಾಗಿ ಇಟ್ಟ, 2.7 ವ್ಯಾಟ್ ಅವರ್ ಮೀರಿದ ಲಿಥಿಯಂ ಅಯಾನ್ ಬ್ಯಾಟರಿಗಳಿಗೂ ಅದು ಅನ್ವಯಿಸುತ್ತದೆ.

ಈ ವ್ಯಾಟ್ ಅವರ್ ಅನ್ನುವುದನ್ನು ಚೆನ್ನಾಗಿ ತಿಳಿದುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಬ್ಯಾಟರಿಯಲ್ಲಿ ಎಷ್ಟು ಶಕ್ತಿ ತುಂಬಿದೆ ಎಂಬ ಅಳತೆ ಅದು. ವೋಲ್ಟನ್ನು ಆಂಪಿಯರ್ ಅವರ್‌ನಿಂದ ಗುಣಿಸಿದರೆ ಸಿಗುತ್ತದೆ. ಪವರ್ ಬ್ಯಾಂಕ್ ಮೇಲೆ 20,000 ಮಿಲಿ ಆಂಪಿಯರ್ ಅವರ್ ಎಂದು ಬರೆದಿದೆ ಅಂದುಕೊಳ್ಳಿ. ಅಂದರೆ 20 ಆಂಪಿಯರ್ ಅವರ್. ಒಳಗಿನ ಸೆಲ್ಲಿನ ವೋಲ್ಟ್ 3.7. ಗುಣಿಸಿದರೆ 74 ವ್ಯಾಟ್ ಅವರ್. ನಿಯಮಗಳಲ್ಲಿ ಮುಖ್ಯವಾದ ಗಡಿ ಬಿಡಿ ಸೆಲ್ಲಿಗೆ 20, ಇಡೀ ಬ್ಯಾಟರಿಗೆ 100 ವ್ಯಾಟ್ ಅವರ್. ಫೋನು, ಸಾಮಾನ್ಯ ಲ್ಯಾಪ್‌ಟಾಪು ಈ ಗಡಿಯ ಒಳಗೆ ಬರುತ್ತವೆ. ಇ-ಬೈಕಿನ ಬ್ಯಾಟರಿ ಗಡಿ ದಾಟಿ ಎಷ್ಟೋ ದೂರ ಹೋಗಿರುತ್ತದೆ.

ಎರಡನೆಯ ಪ್ರಶ್ನೆ, ಬ್ಯಾಟರಿ ಯಾವ ರೂಪದಲ್ಲಿ ಹೋಗುತ್ತಿದೆ? ಅಪಾಯಕಾರಿ ಸರಕುಗಳಿಗೆ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಒಂದೊಂದು ನಂಬರ್ ಇದೆ, ಅದೇ ಯುಎನ್ ನಂಬರ್. ಲಿಥಿಯಂ ಅಯಾನ್ ಬ್ಯಾಟರಿ ಬಿಡಿಯಾಗಿ ಹೋದರೆ ಅದರ ನಂಬರ್ ಯುಎನ್ 3480. ಉಪಕರಣದ ಒಳಗೆ ಕೂತಿದ್ದರೆ, ಅಥವಾ ಉಪಕರಣದ ಪಕ್ಕದಲ್ಲಿ ಅದೇ ಪೆಟ್ಟಿಗೆಯಲ್ಲಿದ್ದರೆ ಯುಎನ್ 3481. ಲಿಥಿಯಂ ಲೋಹದ್ದಾದರೆ 3090 ಮತ್ತು 3091. ಎಲ್ಲವೂ ಒಂಬತ್ತನೇ ವರ್ಗದ ಅಪಾಯಕಾರಿ ಸರಕು. ಉಪಕರಣದೊಳಗೆ ಭದ್ರವಾಗಿ ಕೂತ ಬ್ಯಾಟರಿಗೆ ಒಂದು ಹೊರಕವಚ ಇರುತ್ತದೆ, ಹಾಗಾಗಿ ಅದಕ್ಕೆ ನಿಯಮ ಸ್ವಲ್ಪ ಸಡಿಲ. ಬಿಡಿ ಬ್ಯಾಟರಿಗೆ ಅತಿ ಬಿಗಿ.

ಇಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಪವರ್ ಬ್ಯಾಂಕ್ ಒಂದು ಉಪಕರಣ ಅಂತ ಜನ ಅಂದುಕೊಳ್ಳುತ್ತಾರೆ. ಬಟನ್ ಇದೆ, ಲೈಟ್ ಇದೆ, ಯುಎಸ್‌ಬಿ ತೂತು ಇದೆ, ಅಲ್ವಾ? ಆದರೆ ಅದರ ಕೆಲಸ ಬೇರೆ ಉಪಕರಣಕ್ಕೆ ಕರೆಂಟ್ ಕೊಡುವುದು. ಹಾಗಾಗಿ ನಿಯಮದ ಕಣ್ಣಿಗೆ ಅದು ಬಿಡಿ ಬ್ಯಾಟರಿ, ಯುಎನ್ 3480. ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಹೋಗುವ ಹಾಗಿಲ್ಲ.

ನನಗೆ ಒಬ್ಬ ವ್ಯಾಪಾರಿ ನೆನಪಾಗುತ್ತಾರೆ. ಇನ್‌ವಾಯ್ಸ್‌ನಲ್ಲಿ 'ಎಲೆಕ್ಟ್ರಾನಿಕ್ ಸಾಮಾನು' ಎಂದಷ್ಟೇ ಬರೆದು ತಂದಿದ್ದರು. ಏನು ಸಾಮಾನು ಎಂದು ಕೇಳಿದೆ. ತಡವರಿಸಿದರು. ಪೆಟ್ಟಿಗೆ ಬಿಚ್ಚಿಸಿದೆ. ಒಳಗೆ ನಲವತ್ತು ಪವರ್ ಬ್ಯಾಂಕು. ಒಂದಕ್ಕೊಂದು ತಾಗಿಕೊಂಡು, ಬಬಲ್ ಶೀಟಿನಲ್ಲಿ ಸುತ್ತಿ ಇಟ್ಟಿದ್ದರು. ಜೊತೆಗೆ ಚಾರ್ಜಿಂಗ್ ವೈರುಗಳ ಒಂದು ಗಂಟು. "ಬ್ಯಾಟರಿ ಅಂತ ಬರೆದರೆ ತಡ ಆಗುತ್ತೆ ಸರ್, ದುಡ್ಡೂ ಜಾಸ್ತಿ ಬೀಳುತ್ತೆ" ಅಂದರು. ಅವರು ಕೆಟ್ಟವರಲ್ಲ. ಆ ಪೆಟ್ಟಿಗೆ ಮುಂದೆ ಎಷ್ಟು ಜನರ ಕೈ ದಾಟಿ ಹೋಗುತ್ತದೆ ಎಂದು ಯೋಚಿಸಿರಲಿಲ್ಲ, ಅಷ್ಟೇ. ನಾನು ಅವರಿಗೆ ವಿಮಾನದ ಕ್ಯಾಪ್ಟನ್‌ಗೆ ಕೊಡುವ ಹಾಳೆಯ ಬಗ್ಗೆ ಹೇಳಿದೆ. ಯಾವ ಅಪಾಯಕಾರಿ ಸರಕು ವಿಮಾನದ ಯಾವ ಜಾಗದಲ್ಲಿದೆ ಎಂದು ಹೊರಡುವ ಮೊದಲು ಕ್ಯಾಪ್ಟನ್‌ಗೆ ಬರೆದು ಕೊಡುತ್ತಾರೆ. ನೋಟಾಕ್ ಅಂತ ಅದರ ಹೆಸರು. ಮೇಲೆ ಹೋದ ಮೇಲೆ ಹೊಗೆ ಬಂದರೆ ಅವರಿಗಿರುವ ಸುಳಿವು ಆ ಹಾಳೆ. ನಾವು ಬರೆಯದೇ ಬಿಟ್ಟದ್ದು ಅದರಲ್ಲಿ ಬರುವುದಿಲ್ಲ. ಆ ವ್ಯಾಪಾರಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಪೆಟ್ಟಿಗೆ ಎತ್ತಿಕೊಂಡು ಹೋಗಿ, ಒಂದು ವಾರ ಬಿಟ್ಟು ಸರಿಯಾಗಿ ಪ್ಯಾಕ್ ಮಾಡಿಸಿ ತಂದರು.

ಸರಿಯಾಗಿ ಪ್ಯಾಕ್ ಮಾಡುವುದು ಅಂದರೆ ಏನು? ಪ್ರತಿ ಬ್ಯಾಟರಿಯ ತುದಿಗಳು ಬೇರೆ ಯಾವ ಲೋಹಕ್ಕೂ ತಾಗಬಾರದು. ಪ್ರತಿಯೊಂದಕ್ಕೂ ಅದರದ್ದೇ ಒಳಪೊಟ್ಟಣ ಇರಬೇಕು. ಹೊರಗಿನ ಪೆಟ್ಟಿಗೆ ಗಟ್ಟಿ ಇರಬೇಕು. ಆಗ ಹೇಳಿದ ವ್ಯಾಟ್ ಅವರ್ ಗಡಿಯೊಳಗಿನ ಚಿಕ್ಕ ಬ್ಯಾಟರಿಗಳ ಪೆಟ್ಟಿಗೆ ಕೂಡ 1.2 ಮೀಟರ್ ಎತ್ತರದಿಂದ ಬಿದ್ದರೆ ಒಳಗಿನದು ಜರುಗಿ ಒಂದಕ್ಕೊಂದು ತಾಗದಂತೆ ಇರಬೇಕು. ಉಪಕರಣದೊಳಗೆ ಇದ್ದರೆ ದಾರಿಯಲ್ಲಿ ತಾನಾಗಿ ಆನ್ ಆಗದ ಹಾಗೆ ನೋಡಿಕೊಳ್ಳಬೇಕು. ಮೇಲೆ ಗುರುತು ಬೇಕು. ಚಿಕ್ಕವಕ್ಕೆ ಕೆಂಪು ಪಟ್ಟೆಯ ಅಂಚಿರುವ, ಬ್ಯಾಟರಿ ಚಿತ್ರ ಮತ್ತು ಯುಎನ್ ನಂಬರ್ ಇರುವ ಚೀಟಿ. ದೊಡ್ಡವಕ್ಕೆ ವಜ್ರದಾಕಾರದ ಒಂಬತ್ತನೇ ವರ್ಗದ ಲೇಬಲ್. ಸರಕು ವಿಮಾನಕ್ಕೆ ಮಾತ್ರ ಎಂದು ಹೇಳುವ ಕಿತ್ತಳೆ ಬಣ್ಣದ್ದು ಇನ್ನೊಂದು.

ಇದಕ್ಕೆಲ್ಲ ಮೊದಲು ಬ್ಯಾಟರಿಯೇ ಪರೀಕ್ಷೆ ಪಾಸಾಗಿರಬೇಕು. ಯುಎನ್ 38.3 ಎಂದು ಅದಕ್ಕೆ ಹೆಸರು. ಒಟ್ಟು ಎಂಟು ಬಗೆಯ ಪರೀಕ್ಷೆ. ಎತ್ತರದ ಆಕಾಶದಲ್ಲಿರುವಷ್ಟು ಕಡಿಮೆ ಗಾಳಿಯ ಒತ್ತಡದಲ್ಲಿ ಆರು ಗಂಟೆ ಇಡುತ್ತಾರೆ. 72 ಡಿಗ್ರಿ ಬಿಸಿಯಿಂದ ಮೈನಸ್ 40 ಡಿಗ್ರಿ ಚಳಿಗೆ, ಮತ್ತೆ ಬಿಸಿಗೆ, ಹೀಗೆ ಹತ್ತು ಸಲ ತಿರುಗಿಸುತ್ತಾರೆ. ಅಲುಗಾಡಿಸುತ್ತಾರೆ, ಬೇಕೆಂದೇ ಶಾರ್ಟ್ ಮಾಡುತ್ತಾರೆ, ಅತಿಯಾಗಿ ಚಾರ್ಜ್ ಮಾಡಿ ನೋಡುತ್ತಾರೆ. 2020ರ ಜನವರಿ 1ರಿಂದ ಈ ಪರೀಕ್ಷೆಗಳ ಸಾರಾಂಶದ ಹಾಳೆಯನ್ನು ಕೇಳಿದವರಿಗೆ ತಯಾರಕರು ಕೊಡಲೇಬೇಕು. ಬ್ಯಾಟರಿ ಕೊಳ್ಳುವಾಗಲೇ ಅದನ್ನು ಕೇಳಿ ಇಟ್ಟುಕೊಳ್ಳಿ. ಸರಕು ಗೋದಾಮಿಗೆ ಬಂದ ಮೇಲೆ ಹುಡುಕುತ್ತಾ ಕೂತವರನ್ನು ನಾನು ಬಹಳ ನೋಡಿದ್ದೇನೆ. ಆ ಹಾಳೆ ಕೊಡಲು ಹಿಂದೆ ಮುಂದೆ ನೋಡುವ ತಯಾರಕರಿಂದ ನಾನಾದರೆ ಮಾಲು ತರಿಸುವುದಿಲ್ಲ.

ಇನ್ನು ಹಡಗು. ಸಮುದ್ರದ ದಾರಿಗೆ ಐಎಮ್‌ಡಿಜಿ ಕೋಡ್ ಎಂಬ ಬೇರೆ ನಿಯಮ ಪುಸ್ತಕ ಇದೆ. ಯುಎನ್ ನಂಬರುಗಳು ಅವೇ, ಲೇಬಲ್ಲುಗಳೂ ಹೆಚ್ಚು ಕಡಿಮೆ ಅವೇ. ಶೇಕಡಾ 30ರ ಮಿತಿ ಎಲ್ಲ ಬ್ಯಾಟರಿಗೂ ಇಲ್ಲಿ ಇಲ್ಲ. ಖರ್ಚು ಕಡಿಮೆ, ಒಂದೇ ಸಲಕ್ಕೆ ಬೇಕಾದಷ್ಟು ಕಳಿಸಬಹುದು. ಹಾಗಂತ ಹಡಗು ಸುಲಭ ಅಂತ ನಿರಾಳವಾಗಿ ಇರಬೇಡಿ. ಬಿಸಿಲಿಗೆ ಕಾದ ಕಬ್ಬಿಣದ ಕಂಟೇನರಿನಲ್ಲಿ ಬ್ಯಾಟರಿ ವಾರಗಟ್ಟಲೆ ಇರುತ್ತದೆ. ಕಂಟೇನರ್ ಮೇಲೆ ಕಂಟೇನರ್ ಪೇರಿಸಿರುತ್ತಾರೆ. ನಡುವಿನದಕ್ಕೆ ಬೆಂಕಿ ಹತ್ತಿದರೆ ಅದರ ಬಾಗಿಲ ಹತ್ತಿರ ಹೋಗುವುದೇ ಕಷ್ಟ. ನೆಲದ ಮೇಲಿನ ಹಾಗೆ ಫೋನ್ ಮಾಡಿ ಅಗ್ನಿಶಾಮಕದವರನ್ನು ಕರೆಯಲು ಆಗುವುದಿಲ್ಲ. ಹಡಗಿನ ಕೆಲಸದವರೇ ಪೈಪು ಹಿಡಿಯಬೇಕು.

2020ರ ಜನವರಿಯಲ್ಲಿ ಚೀನಾದ ನಾನ್ಶಾದಿಂದ ಮುಂಬೈ ಹತ್ತಿರದ ನಾವಾ ಶೇವಾ ಬಂದರಿಗೆ ಬರುತ್ತಿದ್ದ ಕಾಸ್ಕೋ ಪೆಸಿಫಿಕ್ ಎಂಬ ಹಡಗಿನಲ್ಲಿ ಒಂದು ಕಂಟೇನರಿಗೆ ಬೆಂಕಿ ಬಿತ್ತು. ಒಳಗಿದ್ದದ್ದು ಲಿಥಿಯಂ ಬ್ಯಾಟರಿ. ಕಾಗದದಲ್ಲಿ ಇದ್ದದ್ದು 'ಬಿಡಿಭಾಗಗಳು' ಎಂಬ ಮಾತು. ಹೀಗೆ ಹೆಸರು ಬದಲಿಸಿದ ಕಂಟೇನರನ್ನು ಹಡಗಿನಲ್ಲಿ ಎಲ್ಲಿ ಬೇಕಾದರೂ ಇಡಬಹುದು. ಕಾವು ಬರುವ ಜಾಗದ ಪಕ್ಕದಲ್ಲಿ, ಹೊತ್ತಿಕೊಳ್ಳುವ ಬೇರೆ ಸರಕಿನ ಪಕ್ಕದಲ್ಲಿ, ಜನ ಮಲಗುವ ಕೋಣೆಗಳ ಹತ್ತಿರದಲ್ಲಿ. ಎಲ್ಲಿಡಬೇಕು ಎಂದು ತೀರ್ಮಾನಿಸುವವರು ಕಾಗದ ನೋಡಿಯೇ ತೀರ್ಮಾನಿಸುತ್ತಾರೆ.

2023ರ ಡಿಸೆಂಬರಿನಲ್ಲಿ ಇನ್ನೊಂದು ಹಡಗು, ಜೀನಿಯಸ್ ಸ್ಟಾರ್ ಇಲೆವೆನ್. ವಿಯೆಟ್ನಾಂನಿಂದ ಅಮೆರಿಕಕ್ಕೆ ಲಿಥಿಯಂ ಅಯಾನ್ ಬ್ಯಾಟರಿಗಳನ್ನೇ ಹೊತ್ತು ಹೊರಟಿತ್ತು. ದಾರಿಯಲ್ಲಿ ಸರಕಿಗೆ ಬೆಂಕಿ ಹತ್ತಿತು. ಒಳಗೇನಿದೆ ಎಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಅಲಾಸ್ಕಾದ ಡಚ್ ಹಾರ್ಬರ್‌ಗೆ ಕರೆತಂದರು. ಸರಕು ಕೋಣೆಯ ಮುಚ್ಚಳ ತೆಗೆಯಲು ಆತುರಪಡದೆ, ಕಾವಿನ ಮೇಲೆ ಕಣ್ಣಿಟ್ಟು ದಿನಗಟ್ಟಲೆ ಕಾದರು. ಹಡಗಿನಲ್ಲಿದ್ದ 19 ಜನರಲ್ಲಿ ಒಬ್ಬರಿಗೂ ಗಾಯವಾಗಲಿಲ್ಲ.

ಕೊನೆಗೆ, ಕೆಟ್ಟ ಬ್ಯಾಟರಿಗಳ ಮಾತು. ಇದನ್ನು ಎಲ್ಲರೂ ಮರೆಯುತ್ತಾರೆ. ಹೊಸ ಸಾಮಾನು ಕಳಿಸುವಾಗ ಇರುವ ಎಚ್ಚರ, ಗಿರಾಕಿ ವಾಪಸ್ ಕಳಿಸುವಾಗ ಇರುವುದಿಲ್ಲ. ಉಬ್ಬಿದ, ಸೋರುವ, ಬಿದ್ದು ಜಜ್ಜಿದ, ಅಥವಾ ಸುರಕ್ಷತೆಯ ದೋಷಕ್ಕೆ ಕಂಪನಿಯೇ ವಾಪಸ್ ಕೇಳಿದ ಬ್ಯಾಟರಿಯನ್ನು ವಿಮಾನದಲ್ಲಿ ಕಳಿಸುವ ಹಾಗೇ ಇಲ್ಲ. ಸರಕು ವಿಮಾನದಲ್ಲೂ ಇಲ್ಲ. ರಸ್ತೆಯಲ್ಲಿ, ಹಡಗಿನಲ್ಲಿ ಕಳಿಸಬೇಕಾದರೂ ಒಂದೊಂದನ್ನು ಬೇರೆ ಬೇರೆಯಾಗಿ, ಸುಲಭಕ್ಕೆ ಹೊತ್ತಿಕೊಳ್ಳದ ವಸ್ತುವಿನಲ್ಲಿ ಹುದುಗಿಸಿ ಕಳಿಸಬೇಕು.

2016ರಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ನೋಟ್ 7 ಫೋನುಗಳನ್ನು ವಾಪಸ್ ತರಿಸಿಕೊಂಡದ್ದು ನಿಮಗೆ ನೆನಪಿರಬಹುದು. ಆಗ ಗಿರಾಕಿಗಳ ಮನೆಗೆ ಒಂದು ಪೊಟ್ಟಣ ಬಂತು. ಪೆಟ್ಟಿಗೆಯೊಳಗೆ ಪೆಟ್ಟಿಗೆ. ಒಂದು ಪೆಟ್ಟಿಗೆಯ ಒಳಮೈಗೆ ಕಾವು ತಡೆಯುವ ಸೆರಾಮಿಕ್ ನಾರಿನ ಪದರ. ಆ ನಾರು ಚರ್ಮಕ್ಕೆ ತಾಗಬಾರದೆಂದು ಒಂದು ಜೊತೆ ಕೈಗವಸು. ಇದನ್ನು ವಿಮಾನದಲ್ಲಿ ಸಾಗಿಸಬಾರದು ಎಂಬ ಮಾತು ಪೆಟ್ಟಿಗೆಯ ಮೇಲೆಯೇ ಅಚ್ಚಾಗಿತ್ತು. ಲಾರಿಗೆ ಹಾಕುವವರಿಂದ ಹಿಡಿದು ಗೋದಾಮಿನಲ್ಲಿ ಇಳಿಸಿಕೊಳ್ಳುವವರ ತನಕ, ಒಳಗೆ ಏನಿದೆ ಎಂದು ಯಾರೂ ಊಹೆ ಮಾಡಬೇಕಾಗಿರಲಿಲ್ಲ.

ನಮಸ್ಕಾರ.